ಉಪ್ಪು ಕೇಳದ ಮನೆ

ನಮ್ಮ ಮನೆಯಲ್ಲಿ ಹದಿನಾರು ಮಂದಿ ಇದ್ದೆವು. ಉಪ್ಪಿನ ಗಡಿಗೆ ಮುಟ್ಟುವ ಕೈ ಮಾತ್ರ ಒಂದೇ. ಅದು ನನ್ನ ಆಯಿಯದು, ಅಂದರೆ ಅಪ್ಪನ ತಾಯಿಯದು. ಅಫಜಲಪುರದಿಂದ ಗಾಣಗಾಪುರದ ಕಡೆ ಹೋಗುವ ಗಾಡಿದಾರಿಯಲ್ಲಿ, ಭೀಮಾ ನದಿಯ ದಂಡೆಗೆ ನಮ್ಮ ಊರು. ಮನೆ ಮಣ್ಣಿನ ಮಾಳಿಗೆಯದು. ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಉಣ್ಣುವ ಗಂಗಾಳದಷ್ಟು ಬಿಸಿಲು ನೆಲಕ್ಕೆ ಬೀಳುತ್ತಿತ್ತು, ಅದೇ ನಮ್ಮ ಗಡಿಯಾರ. ಆ ಬಿಸಿಲು ಒಲೆಯ ಕಡೆಯಿಂದ ಬೀಸುಕಲ್ಲಿನ ಹತ್ತಿರ ಸರಿದರೆ ಹೊಲಕ್ಕೆ ಬುತ್ತಿ ಹೊರಡಬೇಕು. ಒಲೆಯ ಎಡಕ್ಕೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಬಲಕ್ಕೆ ದೊಡ್ಡವ್ವ ಬೇಯಿಸುತ್ತಿದ್ದಳು, ನಡುವೆ ಮಣೆಯ ಮೇಲೆ ಆಯಿ ಕೂತಿರುತ್ತಿದ್ದಳು. ಅವಳ ಮೊಣಕಾಲಿಗೆ ತಾಗಿ ಉಪ್ಪಿನ ಗಡಿಗೆ. ಬೇಳೆ ಕುದಿಯುವ ಸಪ್ಪಳ ಕೇಳಿಯೇ ಅವಳು ಮುಚ್ಚಳ ತೆಗೆಯುತ್ತಿದ್ದಳು, ನೋಡದೆಯೇ ಮೂರು ಬೆರಳಿನಿಂದ ಹರಳುಪ್ಪು ಎತ್ತಿ ಹಾಕುತ್ತಿದ್ದಳು. ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ನಮ್ಮದು ಲಿಂಗವಂತರ ಮನೆ. ಅಡಿಗೆಯನ್ನು ಲಿಂಗಕ್ಕೆ ತೋರಿಸುವ ಮೊದಲು ಯಾರೂ ನಾಲಿಗೆಗೆ ಹಚ್ಚುವಂತಿಲ್ಲ, ಹಚ್ಚಿದರೆ ಎಂಜಲು. ತೋರಿಸಿದ ಮೇಲೆ ಅದು ಪ್ರಸಾದ, ಪ್ರಸಾದಕ್ಕೆ ಹೆಸರಿಟ್ಟು ಕೊರತೆ ಆಡುವಂತಿಲ್ಲ. ಅಂದರೆ ಉಣ್ಣುವ ಮೊದಲೂ ಬಾಯಿ ಬಿಡಬಾರದು, ಉಂಡ ಮೇಲೂ ಬಾಯಿ ಬಿಡಬಾರದು. ತಾಟಿಗೆ ಮೇಲುಪ್ಪು ಕೇಳುವುದೂ ಹೆಸರಿಟ್ಟ ಹಾಗೆಯೇ. ಬೇರೆ ಮನೆಗಳಲ್ಲಿ ತಾಟಿನ ಅಂಚಿಗೆ ಚಿಟಿಕೆ ಉಪ್ಪು ಇಡುತ್ತಾರೆ ಎಂದು ನಾನು ತಿಳಿದದ್ದೇ ಮದುವೆಯಾದ ಮೇಲೆ. ನಮ್ಮಲ್ಲಿ ಆ ಪದ್ಧತಿ ಇರಲಿಲ್ಲ. ಇರಲಿಲ್ಲ ಎನ್ನುವುದು ನಮಗೆ ಒಂದು ಹೆಮ್ಮೆ. “ನಮ್ಮ ಮನ್ಯಾಗ ಉಪ್ಪು ಕೇಳಂಗಿಲ್ಲ” ಎಂದು ನಾನೇ ಓಣಿಯ ಹುಡುಗಿಯರ ಮುಂದೆ ಜಂಬ ಕೊಚ್ಚಿದ್ದೇನೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಊರ ಶಾಲೆಯಲ್ಲಿ ಹುಡುಗರಿಗೆ ಉರ್ದು ಕಲಿಸುತ್ತಿದ್ದರು, ಹುಡುಗಿಯರಿಗೆ ಏನೂ ಕಲಿಸುತ್ತಿರಲಿಲ್ಲ. ಮಠದ ಐನೋರ ಹತ್ತಿರ ಎರಡು ವರ್ಷ ಅಕ್ಷರ ತಿದ್ದಿದ್ದೇ ನನ್ನ ಓದು. ಉಳಿದದ್ದೆಲ್ಲ ಆ ಅಡಿಗೆಮನೆಯಲ್ಲೇ ಕಲಿತದ್ದು.

ಆ ವರ್ಷ ಮಳೆಗಾಲದಲ್ಲಿ ಆಯಿಗೆ ಚಳಿಜ್ವರ ಬಂತು. ಮೂರು ವಾರ ಕಂಬಳಿ ಹೊದ್ದು ನಡುಗಿದಳು. ಅಫಜಲಪುರದ ದವಾಖಾನೆಯಿಂದ ಮುತ್ಯಾ, ನನ್ನ ಅಜ್ಜ, ಕಹಿ ಔಷಧ ತಂದು ಕುಡಿಸಿದ. ಬದುಕುವುದಿಲ್ಲ ಎಂದು ಓಣಿಯವರು ಮಾತಾಡಿಕೊಂಡರು. ಆದರೆ ಒಂದು ದಿನ ನಸುಕಿನಲ್ಲಿ ಗೋಡೆ ಹಿಡಿದುಕೊಂಡು ಬಂದು ತನ್ನ ಮಣೆಯ ಮೇಲೆ ಕೂತಳು, ಗಡಿಗೆಯ ಮುಚ್ಚಳ ತೆಗೆದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ಬಡಿದಳು. ಆ ದಿನ ಪಡಸಾಲೆಯಲ್ಲಿ ಗಂಡಸರು, ಮಕ್ಕಳು ಉಣ್ಣಲು ಕೂತಾಗ ಆಯಿ ಬಾಗಿಲಿಗೆ ಬಂದು ನಿಂತು, ಹುಟ್ಟಿದಾಗಿನಿಂದ ಕೇಳದ ಮಾತು ಕೇಳಿದಳು.

“ಉಪ್ಪು ಬರೋಬ್ಬರಿ ಅದ ಏನು?”

“ಬರೋಬ್ಬರಿ ಅದ” ಅಂದ ಮುತ್ಯಾ. ಅವನ ಹಿಂದೆ ಸಾಲಿನವರೆಲ್ಲ ಅಂದರು. ಅಂದು ಅದು ನಿಜವೂ ಆಗಿತ್ತು.

ಮರುದಿನವೂ ಕೇಳಿದಳು, ಅದರ ಮರುದಿನವೂ. ಮನೆ ಮತ್ತೆ ತನ್ನ ಕೈಗೆ ಬಂತು ಎಂದು ಸಾರುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು. ದಿನವೂ ಬಾಗಿಲಲ್ಲಿ ನಿಲ್ಲುತ್ತಿದ್ದಳು, ದಿನವೂ ಸಾಲು “ಬರೋಬ್ಬರಿ ಅದ” ಅನ್ನುತ್ತಿತ್ತು. ಆದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಿತ್ತು. ಮೊದಲು ಚಿಟಿಕೆ, ಆಮೇಲೆ ಅರ್ಧ ಹಿಡಿ. ದಸರೆಯ ಹೊತ್ತಿಗೆ ಬೇಳೆ ಬಾಯಿಗಿಟ್ಟರೆ ನಾಲಿಗೆ ಸುತ್ತಿಕೊಳ್ಳುವಂತಾಯಿತು. ಹದಿನಾರು ಮಂದಿಯೂ ನೀರು ಕುಡಿಯುತ್ತಿದ್ದರು. ಕುಡಿಯಲು ಹೊಳೆಯಿಂದ ದಿನಕ್ಕೆ ನಾಲ್ಕು ಕೊಡ ನೀರು ಸಾಕಾಗುತ್ತಿದ್ದದ್ದು ಐದಾಯಿತು, ಆರಾಯಿತು. ದೊಡ್ಡವ್ವ “ಈ ವರ್ಷ ಬಿಸಿಲು ಭಾಳ ಬೇ” ಅಂದಳು. ಚಳಿಗಾಲ ಬಂದು ಕಂಬಳಿ ಹೊದ್ದು ಕೂತಾಗಲೂ ಅದನ್ನೇ ಅಂದಳು. ಅಪ್ಪ ಹೊಲಕ್ಕೆ ಬುತ್ತಿಯಲ್ಲಿ ರೊಟ್ಟಿ, ಉಳ್ಳಾಗಡ್ಡಿ ಸಾಕು ಎಂದ. ಮುತ್ಯಾನಿಗೆ ಮುದಿತನದಲ್ಲಿ ಒಮ್ಮಿಂದೊಮ್ಮೆಲೆ ಮೊಸರಿನ ಮೇಲೆ ಆಸೆ ಬಂತು. ಒಬ್ಬರೂ ಉಪ್ಪಿನ ಹೆಸರೆತ್ತಲಿಲ್ಲ. ಅಂಜಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪಕ್ಕದವನು ಸುಮ್ಮನೆ ಉಣ್ಣುವುದನ್ನು ನೋಡಿ ಪ್ರತಿಯೊಬ್ಬರೂ ತಮ್ಮ ನಾಲಿಗೆಯೇ ಕೆಟ್ಟಿದೆ ಎಂದುಕೊಂಡಿದ್ದರು.

ನನಗೆ ಅಷ್ಟು ಬುದ್ಧಿ ಇರಲಿಲ್ಲ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ತಾಟು ಸರಿಸಿ ಹೇಳಿಬಿಟ್ಟೆ.

“ಆಯಿ, ಬ್ಯಾಳಿ ಉಪ್ಪಾಗ್ಯಾದ.”

ಸಾಲಿನಲ್ಲಿ ರೊಟ್ಟಿ ಮುರಿಯುವ ಸಪ್ಪಳ ನಿಂತಿತು. ಆಯಿ ಬಾಗಿಲಿನಿಂದ ಒಳಗೆ ಬಂದಳು. ನನ್ನನ್ನು ಬೈಯಲಿಲ್ಲ. ಮುತ್ಯಾನಿಂದ ಹಿಡಿದು ಒಬ್ಬೊಬ್ಬರ ಮುಂದೆ ನಿಂತು ಕೇಳಿದಳು.

“ಉಪ್ಪಾಗ್ಯಾದೇನು? ಖರೇ ಹೇಳ್ರಿ.”

“ಇಲ್ಲ, ಬರೋಬ್ಬರಿ ಅದ.”

ಅಪ್ಪನೂ ಹಾಗೇ ಅಂದ. ನನ್ನ ಮುಖ ನೋಡದೆ ಅಂದ. ಒಳಗೆ ಹೋಗಿ ಹೆಂಗಸರನ್ನು ಕೇಳಿದಳು. ಅವ್ವ ತಲೆ ಬಗ್ಗಿಸಿ “ಬರೋಬ್ಬರಿ ಅದ್ರಿ” ಅಂದಳು. ಆಯಿ ಹೊರಗೆ ಬಂದು ನನ್ನ ಗದ್ದ ಹಿಡಿದು ಬಾಯಿ ತೆರೆಸಿ ನೋಡಿದಳು. ನಾಲಿಗೆಗೆ ಪಿತ್ತ ಏರಿದೆ ಎಂದು ತೀರ್ಮಾನವಾಯಿತು. ಮೂರು ದಿನ ಸಾಲಿನಲ್ಲಿ ಕೂರಿಸದೆ ನಸುಕಿನಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕುಡಿಸಿದರು, ಬೇವಿನ ಕಡ್ಡಿಯಿಂದ ನಾಲಿಗೆ ತಿಕ್ಕಿದರು. ಔಡಲೆಣ್ಣೆ ಕುಡಿದವರಿಗೆ ಗೊತ್ತು, ಅದರ ಮುಂದೆ ಎಂಥ ನಂಬಿಕೆಯೂ ಬಹಳ ದಿನ ನಿಲ್ಲುವುದಿಲ್ಲ. ಹುಡುಗರು ನನ್ನನ್ನು “ಪಿತ್ತದ ನೀಲಿ” ಎಂದು ಕೂಗತೊಡಗಿದರು. ನನ್ನ ಹೆಸರು ನೀಲವ್ವ.

ನಾಲ್ಕನೆಯ ದಿನ ಸಾಲಿನಲ್ಲಿ ಕೂತು ಎರಡು ತುತ್ತು ಉಂಡೆ. ಆಯಿ ಕೇಳಿದಾಗ ಎಲ್ಲರ ಜೊತೆ ನಾನೂ “ಬರೋಬ್ಬರಿ ಅದ” ಅಂದೆ. ಒಂದು ಮಾತು ಇಲ್ಲಿ ಸ್ಪಷ್ಟ ಹೇಳಬೇಕು. ನಾನು ಸುಳ್ಳು ಹೇಳಲಿಲ್ಲ. ನನಗೆ ಆ ಹೊತ್ತಿಗೆ ನಿಜವಾಗಿಯೂ ಸರಿ ಅನ್ನಿಸಿತ್ತು. ಇಷ್ಟು ಮಂದಿ ಉಣ್ಣುತ್ತಿರುವಾಗ ಒಂದು ಸಣ್ಣ ನಾಲಿಗೆ ಎಷ್ಟು ದಿನ ಜಗಳಾಡೀತು? ಆಯಿ ನನ್ನ ತಲೆ ಸವರಿ ಒಂದು ತುಣುಕು ಬೆಲ್ಲ ಕೊಟ್ಟಳು. ಸಾಲಿನಲ್ಲಿ ಎರಡೂ ಕಡೆಯವರ ಮೊಣಕಾಲು ತಗಲುವ ಹಾಗೆ ಕೂತು ಉಣ್ಣುವುದು ಎಷ್ಟು ಬೆಚ್ಚಗಿರುತ್ತದೆ ಎನ್ನುವುದು, ಅದರಿಂದ ಮೂರು ದಿನ ಹೊರಗಿದ್ದು ಬಂದವರಿಗೇ ಗೊತ್ತು.

ಅಪ್ಪನ ತಮ್ಮ ಕಾಕಾನ ಹೆಂಡತಿ ಚಿಗವ್ವ ಆ ಬೇಸಿಗೆಯಲ್ಲಷ್ಟೇ ಆಳಂದದಿಂದ ಲಗ್ನವಾಗಿ ಬಂದಿದ್ದಳು. ಹದಿನೈದು ಹದಿನಾರರ ಹುಡುಗಿ. ಮನೆಯಲ್ಲಿ ಅವಳ ದನಿ ಕೇಳಿದವರು ಕಡಿಮೆ, ಹೊಳೆಯ ದಾರಿಯಲ್ಲಿ ಮಾತ್ರ ನನ್ನ ಜೊತೆ ಮಾತಾಡುತ್ತಿದ್ದಳು. ಒಂದು ಮುಂಜಾನೆ ಕೊಡ ತಿಕ್ಕುತ್ತಾ ಮೆಲ್ಲಗೆ ಅಂದಳು.

“ನೀಲಿ, ನೀ ಅಂದಿದ್ದು ಖರೇ ಅದ. ನನಗೂ ಉಪ್ಪು ಹತ್ತತದ.”

ನಾನೇನು ಮಾಡಿದೆ ಎನ್ನುವುದನ್ನು ಹೇಳಲು ಇಷ್ಟು ವಯಸ್ಸಾದ ಮೇಲೂ ಹಿಂಜರಿಕೆ ಆಗುತ್ತದೆ. ತುಂಬಿದ ಕೊಡ ಇಳಿಸಿದ್ದೇ ತಡ, ನೆಟ್ಟಗೆ ಹೋಗಿ ಆಯಿಗೆ ಹೇಳಿದೆ, ಚಿಗವ್ವ ಬೇಳೆಗೆ ಹೆಸರಿಟ್ಟಳು ಎಂದು. ಸಾಲಿಗೆ ಹೊಸದಾಗಿ ಸೇರಿದವರದೇ ದನಿ ಜೋರು, ಇದನ್ನು ನಾನು ಆಮೇಲೆ ಬಹಳ ಕಡೆ ನೋಡಿದ್ದೇನೆ. ಆಯಿ ಚಿಗವ್ವನನ್ನು ಕರೆದಳು.

“ಏನಬೇ ಆಳಂದದಾಕಿ, ಉಪ್ಪು ಹೆಚ್ಚಾಗ್ಯಾದೇನು? ಇದ್ರ ಇದ್ದಂಗ ಹೇಳು.”

ಅವ್ವ, ದೊಡ್ಡವ್ವ ಇಬ್ಬರೂ ಅವಳ ಕಡೆ ನೋಡಿದರು. ಚಿಗವ್ವ ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

“ಇಲ್ರಿ ಅತ್ತಿ. ಬರೋಬ್ಬರಿ ಅದ್ರಿ.”

ಮರುದಿನ ಹೊಳೆಗೆ ನಾನು ದೂರ ದೂರ ನಡೆದೆ. ಅವಳು ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ನೀರಿಗಿಳಿಯುವ ಮೊದಲು ಅವಳು ಕೇಳಿದಳು.

“ಆಯಿಗೆ ಜ್ವರ ಬರೋಕಿಂತ ಮೊದಲ ಎಷ್ಟು ಕೊಡ ಒಯ್ತಿದ್ದೆವು?”

“ನಾಕು.”

“ಈಗ?”

“ಏಳು.”

“ನಾಲಿಗಿ ಮಾತು ಬಿಡು. ಮಂದಿ ಹೆದರಿಸಿದ್ರ ಹೆದರತದ, ಬೆಲ್ಲ ಕೊಟ್ರ ಹೊಳ್ಳತದ. ಕೊಡ ಕೇಳು. ಕೊಡಕ್ಕ ಯಾರೂ ಔಡಲೆಣ್ಣಿ ಕುಡಿಸಿಲ್ಲ.”

ಇಷ್ಟೇ ಅಂದು ಕೊಡ ತುಂಬಿ ತಲೆಗಿಟ್ಟುಕೊಂಡು ನಡೆದಳು. ನಾನು ದಂಡೆಯ ಮೇಲೆ ನಿಂತು ಏಳರಲ್ಲಿ ನಾಲ್ಕು ಕಳೆದೆ. ಅಂದಿನಿಂದ ನನ್ನ ನಾಲಿಗೆಗೆ ಬೇಳೆ ಮತ್ತೆ ಉಪ್ಪಾಯಿತು. ಆದರೆ ಹೇಳುವ ಧೈರ್ಯ ಬರಲಿಲ್ಲ. ಹೀಗೆ ನಾನೂ ಸಾಲಿನ ಉಳಿದವರ ಹಾಗೆಯೇ ಆದೆ, ಗೊತ್ತಿದ್ದೂ ಸುಮ್ಮನೆ ಉಣ್ಣುವವಳು.

ಎಳ್ಳಮಾಸಿ ಬಂತು. ನಮ್ಮ ಕಡೆ ಆ ಅಮಾವಾಸ್ಯೆಗೆ ಊರೆಲ್ಲ ಹೊಲದಲ್ಲಿ ಉಣ್ಣುತ್ತದೆ. ನಸುಕಿಗೇ ಗುಂಡಿ ಎನ್ನುವ ದೊಡ್ಡ ಪಾತ್ರೆಗಳಲ್ಲಿ ಕಡಲೆ, ತೊಗರಿಕಾಯಿ, ಬದನೆ, ಎಲ್ಲ ಸೊಪ್ಪೂ ಸೇರಿಸಿ ಭಜ್ಜಿ ಕುದಿಸಿ, ಸಜ್ಜೆರೊಟ್ಟಿ ಕಟ್ಟಿಕೊಂಡು ಗಾಡಿ ಹೂಡುತ್ತಾರೆ. ಕಂಡವರನ್ನೆಲ್ಲ ಕರೆದು ಉಣಿಸಬೇಕು, ಕರೆಯದವರ ಹೊಲಕ್ಕೆ ಏಳಿಗೆ ಇಲ್ಲ. ಆ ಸಲ ಜೇವರ್ಗಿಯಿಂದ ಅತ್ತೆ ಬರುವವಳಿದ್ದಳು. ಆಯಿಯ ಒಬ್ಬಳೇ ಮಗಳು, ಅಪ್ಪನ ತಂಗಿ. ತನ್ನ ನಾದಿನಿಯನ್ನು ಕಾಕಾನಿಗೆ ತಂದುಕೊಳ್ಳಲಿಲ್ಲ ಎಂಬ ಸಿಟ್ಟು ಅವಳಿಗೆ ಇನ್ನೂ ಇತ್ತು, ಆ ಸಿಟ್ಟು ಬೀಳುವುದಕ್ಕೆ ಇದ್ದ ತಲೆ ಚಿಗವ್ವನದು. ಎಳ್ಳಮಾಸಿಯ ಹಿಂದಿನ ದಿನ ತೊಗರಿಕಾಯಿ ಸುಲಿಯುತ್ತಾ ಅವ್ವ ಚಿಗವ್ವನಿಗೆ ಅಂದಳು.

“ಹುಷಾರ ಇರು ಬೇ. ಊಟಕ್ಕ ಏನರ ಹೆಚ್ಚುಕಮ್ಮಿ ಆದ್ರ ನಮ್ಮತ್ತಿ ಹೆಸರು ಬರಂಗಿಲ್ಲ, ಅವರ ಕೈ ಹೆಂಥಾದು ಅಂತ ಊರಿಗೇ ಗೊತ್ತು. ಹೊಸಬಾಕಿ ಕೈಗುಣ ಅಂತಾರ. ಅಡಿಗಿ ಕಲತು ಬರಲಿ ಅಂತ ಜೇವರ್ಗಿಯಾಕಿ ನಿನ್ನ ಆಳಂದಕ್ಕ ಕಳಸಾಕ ಹಚ್ಚತಾಳ.”

ಚಿಗವ್ವನ ಕೈ ತಪ್ಪಿತು. ಸುಲಿದ ಕಾಳಿಗೆ ಸಿಪ್ಪೆ ಬೀಳತೊಡಗಿತು, ಸಿಪ್ಪೆಯ ಬುಟ್ಟಿಗೆ ಕಾಳು. ಹಾಗೆ ತವರಿಗೆ ಕಳಿಸಿದವರನ್ನು ಬೇಗ ತಿರುಗಿ ಕರೆಸುತ್ತಿರಲಿಲ್ಲ. ನಮ್ಮ ಓಣಿಯಲ್ಲೇ ಒಬ್ಬಳು ಎರಡು ವರ್ಷ ತವರಲ್ಲಿ ಕೂತಿದ್ದಳು.

ಮರುದಿನ ನಸುಕಿನಲ್ಲಿ ಭಜ್ಜಿ ಕುದಿ ಹಿಡಿಯಿತು. ನಲವತ್ತು ಮಂದಿಯ ಗುಂಡಿ. ಆಯಿ ಮುಚ್ಚಳ ತೆಗೆದು ಒಂದು ಹಿಡಿ ಉಪ್ಪು ಹಾಕಿದಳು. ದೊಡ್ಡವ್ವ ತೊಳಸುತ್ತಿದ್ದ ಸೌಟು ನಿಧಾನವಾಯಿತು. ಇನ್ನೊಂದು ಹಿಡಿಗೆ ಕೈ ಹಾಕಿದಳು. ಅವ್ವ ಸಜ್ಜೆರೊಟ್ಟಿ ಬಡಿಯುವುದನ್ನು ಬಿಟ್ಟು ಹಂಚನ್ನೇ ನೋಡುತ್ತಿದ್ದಳು, ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ಯಾರೂ ತಿರುವಲಿಲ್ಲ. ಚಿಗವ್ವ ಗೋಡೆಗೆ ಒರಗಿ ನಿಂತಿದ್ದಳು. ಆಯಿಯ ಹಿಡಿ ಗುಂಡಿಯ ಮೇಲೆ ಬಂದಾಗ ನಾನು ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದುಬಿಟ್ಟೆ.

“ಸಾಕು ಆಯಿ. ಉಪ್ಪಾಗತದ.”

“ನಿನ್ನ ಪಿತ್ತ ಇನ್ನಾ ಇಳಿದಿಲ್ಲೇನು?”

“ಪಿತ್ತಲ್ಲ. ಮೊದಲ ನಾಕು ಕೊಡ ಆಗತಿತ್ತು, ಈಗ ಏಳು ಆಗತದ. ಕೊಡಕ್ಕೂ ಪಿತ್ತ ಆಗ್ಯಾದೇನು?”

ಆಯಿ ಕೈ ಬಿಡಿಸಿಕೊಳ್ಳಲಿಲ್ಲ. ಎಲ್ಲರ ಮುಖ ನೋಡಿದಳು. ಆಗ ಗೋಡೆಯ ಕಡೆಯಿಂದ, ಆ ಮನೆಯಲ್ಲಿ ಮಾತಾಡಲು ಎಲ್ಲರಿಗಿಂತ ಕಡಿಮೆ ಅಧಿಕಾರವಿದ್ದ ದನಿ ಬಂತು.

“ಹುಡುಗಿ ಖರೇ ಹೇಳಾಕತ್ತಾಳ್ರಿ ಅತ್ತಿ. ಅವತ್ತ ನಾ ಸುಳ್ಳು ಹೇಳಿದೆ.”

ಒಬ್ಬಳ ಮಾತು ಪಿತ್ತ, ಇಬ್ಬರಾದರೆ ಸಾಕ್ಷಿ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, ತಾನು ದಿನವೂ ಕದ್ದು ಬೇಳೆಗೆ ಒಂದು ತಂಬಿಗೆ ನೀರು ಸುರಿಯುತ್ತಿದ್ದೆ ಎಂದಳು. ದೊಡ್ಡವ್ವ ಅವಳ ಕಡೆ ತಿರುಗಿದಳು.

“ನೀನೂ ಸುರೀತಿದ್ದೇನಬೇ? ನಾನೂ ಒಂದು ಸುರೀತಿದ್ದೆ. ಅದಕ್ಕ ಅದು ಬ್ಯಾಳಿ ಹೋಗಿ ಹೊಳಿ ಆಗಿತ್ತು.”

ಗದ್ದಲ ಕೇಳಿ ಮುತ್ಯಾ ಬಾಗಿಲಿಗೆ ಬಂದ. ಆಯಿ ಮಣೆಯ ಮೇಲೆ ಕೂತವಳು ಏಳಲಿಲ್ಲ. ಹಿಡಿಯಲ್ಲಿದ್ದ ಉಪ್ಪನ್ನು ಗಡಿಗೆಗೆ ತಿರುಗಿ ಹಾಕಿ, ಕೈ ಜಾಡಿಸಿ ಮೆಲ್ಲಗೆ ಮಾತಾಡಿದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದು ನನಗೆ ನೆನಪಿಲ್ಲ.

“ಜ್ವರ ಬಿಟ್ಟಾಗಿಂದ ನನ್ನ ನಾಲಿಗಿಗೆ ಏನೂ ಹತ್ತವಲ್ದು. ಮಣ್ಣು ತಿಂದಂಗ ಆಗತದ. ಸಪ್ಪಗದ ಏನೋ ಅಂತ ಒಂದು ಚಿಟಿಕಿ ಹೆಚ್ಚು ಹಾಕಿದೆ, ಬಂದು ನಿಮ್ಮನ್ನ ಕೇಳಿದೆ. ಬರೋಬ್ಬರಿ ಅದ ಅಂದ್ರಿ. ಮತ್ತೊಂದು ಹಾಕಿದೆ. ಮತ್ತ ಬರೋಬ್ಬರಿ ಅಂದ್ರಿ. ಈ ಕೂಸು ಒಂದು ಇಲ್ಲ ಅಂತು. ನೀವು ಮನಿಮಂದೆಲ್ಲಾ ಹೌದು ಅಂದ್ರಿ. ನಾ ಯಾರನ್ನ ನಂಬಲಿ?”

ಮೂರು ತಿಂಗಳು ಅವಳು ಬಾಗಿಲಲ್ಲಿ ನಿಂತು ಕೇಳಿದ್ದು ನಿಜವಾದ ಪ್ರಶ್ನೆ. ನಾವು ಅದನ್ನು ಅಪ್ಪಣೆ ಎಂದು ತಿಳಿದಿದ್ದೆವು. ಆಯಿ ಮುತ್ಯಾನ ಕಡೆ ತಿರುಗಿದಳು.

“ನೀವರ ಹೇಳಬೇಕಿಲ್ಲೇನ್ರಿ?”

“ನೀ ಉಳಿಯಂಗಿಲ್ಲ ಅಂತ ಅಂದಿದ್ರು ಮಂದಿ. ಎದ್ದು ಬಂದು ಒಲಿ ಮುಂದ ಕುಂತಿ. ಉಪ್ಪಿನ ಮಾತು ತಗದು ಮತ್ತ ನಿನ್ನ ಹಾಸಿಗಿಗೆ ಕಳಸಬೇಕಿತ್ತೇನು? ಮೊಸರು ಉಂಡೆ. ಮೊಸರಿಗೇನಾಗ್ಯಾದ, ಛಲೋ ಅದ.”

ಆ ಮಾತಿಗಾಗಿ ನಾನು ಮುತ್ಯಾನನ್ನು ಇವತ್ತಿಗೂ ನೆನೆಯುತ್ತೇನೆ. ಮನೆಯವರೆಲ್ಲ ಅಂಜುಬುರುಕರು ಎಂದು ಬರೆದುಬಿಡುವುದು ಸುಲಭ. ಅವರು ಒಬ್ಬ ಮುದುಕಿಯನ್ನು ಅವಳ ಮಣೆಯ ಮೇಲೆ ಉಳಿಸಿಕೊಳ್ಳಲು ಮೂರು ತಿಂಗಳು ಉಪ್ಪು ತಿಂದವರೂ ಹೌದು. ಎರಡೂ ಖರೆ. ನನಗೆ ಅನ್ನ ಹಾಕಿದ್ದು ಆ ಎರಡೂ ಸೇರಿದ ಮನೆ.

ಭಜ್ಜಿಗೆ ಇನ್ನೂ ಉಪ್ಪು ಬೇಕಿತ್ತು. ಒಂದು ಹಿಡಿ ಸಾಲದು, ಎಷ್ಟು ಸಾಲುತ್ತದೆ ಎಂದು ಹೇಳುವವರಿಲ್ಲ. ಅವ್ವ ದೊಡ್ಡವ್ವನ ಕಡೆ ನೋಡಿದಳು, ದೊಡ್ಡವ್ವ ಅವ್ವನ ಕಡೆ. ಆಯಿ ಗಡಿಗೆಯನ್ನು ಚಿಗವ್ವನ ಮುಂದೆ ನೂಕಿದಳು. ಚಿಗವ್ವ ನಾಲ್ಕು ಹರಳು ಎತ್ತಿ ಹಾಕಿ ಗಡಿಗೆ ಮುಚ್ಚಿಬಿಟ್ಟಳು.

ಭೂಮಿತಾಯಿಗೆ ಮೊದಲ ಎಡೆ ಎಂದು ಹೊಲದಲ್ಲಿ ಚರಗ ಚೆಲ್ಲಿ ಆಯಿತು, ಬನ್ನಿಗಿಡದ ನೆರಳಲ್ಲಿ ಮುತ್ತುಗದ ಎಲೆಯ ಪತ್ರೋಳಿ ಹಾಸಿ ಸಾಲು ಕೂತಿತು. ಜೇವರ್ಗಿ ಅತ್ತೆ ಮೊದಲ ತುತ್ತಿಗೇ ಹುಬ್ಬೇರಿಸಿದಳು.

“ಭಜ್ಜಿ ಯಾರು ಮಾಡ್ಯಾರವ್ವಾ? ಸಪ್ಪಗ ಹತ್ತತದಲ್ಲ.”

ನಮ್ಮ ಮನೆಯ ಸಾಲು, ಮೂರು ತಿಂಗಳ ರೂಢಿಯಿಂದ, ಒಂದೇ ದನಿಯಲ್ಲಿ ಅಂದಿತು, “ಇಲ್ಲ, ಬರೋಬ್ಬರಿ ಅದ.”

ಆಯಿ ಅವರ ಯಾರ ಕಡೆಗೂ ನೋಡಲಿಲ್ಲ. “ನೀಲಿ, ನೀ ಹೇಳು” ಅಂದಳು. ನಲವತ್ತು ಮಂದಿ ನನ್ನ ಕಡೆ ತಿರುಗಿದರು. ಚಿಗವ್ವ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಸರಿ ಇದೆ ಎಂದರೆ ಅವಳು ಉಳಿಯುತ್ತಾಳೆ, ಹಾಗಂದುಕೊಂಡೆ. ಆದರೆ ಭಜ್ಜಿ ಸಪ್ಪಗಿತ್ತು.

“ಸಪ್ಪಗದ ಆಯಿ” ಅಂದೆ. ಕಣ್ಣಲ್ಲಿ ನೀರು ಬಂತು.

ಆಯಿ ಗಾಡಿಯ ಹತ್ತಿರ ಹೋಗಿ ಉಪ್ಪಿನ ಗಡಿಗೆ ತಂದಳು. ಅವಳು ಅದನ್ನು ಹೊಲಕ್ಕೆ ತಂದಿದ್ದೇ ನಮಗೆ ಗೊತ್ತಿರಲಿಲ್ಲ. ಸಾಲಿನ ತುದಿಯಿಂದ ಶುರುಮಾಡಿ ಪ್ರತಿ ಪತ್ರೋಳಿಯ ಅಂಚಿಗೆ ಒಂದೊಂದು ಚಿಟಿಕೆ ಉಪ್ಪು ಇಡುತ್ತಾ ಬಂದಳು. ನಮ್ಮ ಮನೆಯ ಊಟದಲ್ಲಿ ಅದು ಮೊದಲ ಸಲ. ಮಗಳ ಮುಂದೆ ಬಂದಾಗ ಇಟ್ಟ ಚಿಟಿಕೆ ಸ್ವಲ್ಪ ದೊಡ್ಡದಿತ್ತು.

“ಮಾಡಿದ್ದು ನನ್ನ ಮನಿ, ಹೆಸರಿಡೂದಿದ್ರ ನನಗಿಡು. ಆಳಂದದಾಕಿಗೆ ನಾನ ಕೊಟ್ಟೇನಿ ಗಡಗಿ. ಕಮ್ಮಿ ಆದ್ರ ಹಾಕ್ಕೋಬಹುದು, ಹೆಚ್ಚಾಗಿದ್ದು ತಗಿಯಾಕ ಬರಂಗಿಲ್ಲ. ಅಷ್ಟು ತಿಳಿದಾಕಿ ನಮಗ ಸಾಕು. ಉಣ್ಣು.”

ಅತ್ತೆ ಉಂಡಳು. ಎರಡನೆಯ ಸಲವೂ ಹಾಕಿಸಿಕೊಂಡಳು. ಚಿಗವ್ವ ಆ ಮನೆಯಿಂದ ಹೊರಟದ್ದು ಐವತ್ತು ವರ್ಷದ ಮೇಲೆ, ನಾಲ್ಕು ಮಂದಿಯ ಹೆಗಲ ಮೇಲೆ.

ಅಂದಿನಿಂದ ಗಡಿಗೆ ಚಿಗವ್ವನದಾಯಿತು, ನಾಲಿಗೆ ನನ್ನದು. ಮುಸುರೆ ಎಂಜಲಿನ ಮಾತು ಬಂದಾಗ ಆಯಿ ತಾನೇ ದಾರಿ ತೆಗೆದಳು. ಉಪ್ಪು ಹಾಕುವ ಮೊದಲೇ ಲಿಂಗದ ಎಡೆ ತೆಗೆದಿಡುವುದು, ಆಮೇಲೆ ನನ್ನ ಅಂಗೈಗೆ ಒಂದು ಹನಿ. ಐನೋರು ಹುಬ್ಬು ಗಂಟಿಕ್ಕಿದರು. “ಲಿಂಗಕ್ಕ ಸಪ್ಪಂದು ನಡೀತದ್ರಿ, ಮಂದಿಗೆ ನಡೆಯಂಗಿಲ್ಲ” ಅಂದಳು ಆಯಿ. ಔಡಲೆಣ್ಣೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೇರ ಮಾತಿನಿಂದ ಮುಂದೆ ಗಂಡನ ಮನೆಯಲ್ಲಿ ನನಗೆ ಆದ ತೊಂದರೆ ಬೇರೆ ಕತೆ. ಅದಕ್ಕೂ ನನಗೆ ಬೇಜಾರಿಲ್ಲ.

ಆಯಿಯ ನಾಲಿಗೆ ತಿರುಗಿ ಬರಲಿಲ್ಲ. ಆಮೇಲೆ ಆರು ವರ್ಷ ಇದ್ದಳು. ಉಣ್ಣುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪುಂಡಿಪಲ್ಯವೋ ಶೇಂಗಾ ಹಿಂಡಿಯೋ ಮೊದಲು ನನ್ನ ಬಾಯಿಗಿಟ್ಟು, “ಹೆಂಗದ, ಹೇಳು” ಅನ್ನುತ್ತಿದ್ದಳು. ಹುಳಿ ಮೊದಲು ಬರುತ್ತದೆ, ಖಾರ ಹಿಂದೆ ಬರುತ್ತದೆ, ಬೆಳ್ಳುಳ್ಳಿ ಸ್ವಲ್ಪ ಹೊತ್ತಿದೆ ಎಂದು ನಾನು ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿ, ಕೇಳುತ್ತಾ ಕೇಳುತ್ತಾ ಅಗಿಯುತ್ತಿದ್ದಳು. ನಾನು ಏನು ಹೇಳಿದ್ದರೂ ಅವಳಿಗೆ ಸುಳ್ಳು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನಾನು ಸುಳ್ಳು ಹೇಳಲಿಲ್ಲ.